ಹಳಿಯಿಲ್ಲದ ಊರಿನ ಸ್ಲೀಪರ್ ಬೋಗಿ

ಮಿರ್ದಿಫ್

ದುಬೈಯಲ್ಲಿ ನನ್ನನ್ನು ಮೊದಲು ಸೋಲಿಸಿದ್ದು ತಂಗಿಯ ಬಡಾವಣೆ ಮಿರ್ದಿಫ್‌ನ ಒಂದು ಬಸ್ ಸ್ಟಾಪ್. ಸುತ್ತ ಗಾಜು, ತಾನೇ ತೆರೆದುಕೊಳ್ಳುವ ಬಾಗಿಲು, ಒಳಗೆ ಎ.ಸಿ. ಹೊರಗೆ ಸೆಪ್ಟೆಂಬರ್ ಬಿಸಿಲಿಗೆ ರಸ್ತೆ ಕಾದ ಹಂಚಾಗಿತ್ತು. ಒಳಗೆ ಹಾಯಾಗಿ ಕುಳಿತು ಅಬುಧಾಬಿಯ ಬಸ್ ಹಿಡಿಯುವ ಲೆಕ್ಕ ಹಾಕುತ್ತಿದ್ದೆ. ಊರೊಳಗಿನ ಬಸ್ಸು ಬಂತು, ನಿಧಾನ ಮಾಡಿತು, ಯಾರೂ ಎದ್ದು ಬರದ ಕಾರಣ ಹೊರಟು ಹೋಯಿತು. ಹುಬ್ಬಳ್ಳಿಯಲ್ಲಾದರೆ ನಾವು ಬಸ್ಸಿಗೆ ಕೂಗುತ್ತೇವೆ, ಬಸ್ಸು ನಮಗೆ ಕೂಗುತ್ತದೆ. ಇಲ್ಲಿ ಎರಡು ಕಡೆಯೂ ಮೌನ.

ತಂಗಿಗೆ ಫೋನ್ ಮಾಡಿದೆ.

"ಅಲ್ಲೇ ಕುಂತಿದ್ಯಾ? ಹೊರಗ ನಿಂತು ಕೈ ಮಾಡಬೇಕಲ್ಲ ಅಕ್ಕಾ!" ಎಂದಳು ಸುಮಂಗಲಾ. ಹಿಂದಿನಿಂದ ಅವಳ ಮಗಳ ದನಿ ಕೇಳಿತು: "ದೊಡ್ಡವ್ವ, ಯು ಹ್ಯಾವ್ ಟು ವೇವ್!"

"ನೀ ಇನ್ನ ಬಸ್ಸಿಗೆ ಕಾಯಬ್ಯಾಡ. ವಲೇರಿಯನ್ ಅವ್ರು ಅಕ್ಕನ ಮನಿಯಿಂದ ಇನ್ನೂ ಹೊಂಟಿಲ್ಲ. ಅವ್ರ ಕಾರಿನ್ಯಾಗ ಹೋಗು."

ನಾನು ಹುಬ್ಬಳ್ಳಿಯ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತಳಾದವಳು. ರೈಲ್ವೆ ಕಾಲೊನಿಯಲ್ಲಿ ಬೆಳೆದೆ. ಅಪ್ಪ ವರ್ಕ್‌ಶಾಪಿನಲ್ಲಿ ಬೋಗಿಗಳ ಬಡಗಿಯಾಗಿದ್ದರು. ಆ ನಂಟಿನಿಂದಲೇ ಭಾನುವಾರದ ಪುರವಣಿಗೆ ಪ್ರಪಂಚದ ಹೆಸರಾಂತ ರೈಲುಗಳ ಬಗ್ಗೆ ಒಂದು ಲೇಖನಮಾಲೆ ಬರೆದಿದ್ದೆ. ಅದರಲ್ಲಿ ಯುರೋಪಿನ ಮಲಗುವ ಬೋಗಿಗಳ ಕಂಪನಿಯ ಕಥೆಯೂ ಇತ್ತು. ಸುಮಂಗಲಾ ಆ ಸಂಗತಿಯನ್ನು ಎದುರು ವಿಲ್ಲಾದ ನರ್ಸ್ ಲವೀನಾಗೆ ಹೇಳಿದ್ದಳು. ಲವೀನಾ ತನ್ನ ತಮ್ಮ ವಲೇರಿಯನ್‌ಗೆ ಹೇಳಿದ್ದರು.

ವಲೇರಿಯನ್ ಉಡುಪಿ ಕಡೆಯ ಮೂಡುಬೆಳ್ಳೆಯವರು, ಅಬುಧಾಬಿಯ ಒಂದು ದೊಡ್ಡ ಹೋಟೆಲಿನಲ್ಲಿ ರೂಮ್ ಸರ್ವಿಸ್ ಸೂಪರ್‌ವೈಸರ್. ಆ ಹೋಟೆಲಿಗೆ ಯುರೋಪಿನ ಸಂಗ್ರಾಹಕರೊಬ್ಬರು ಅದೇ ಕಂಪನಿಯ ಹಳೆಯ ಬೋಗಿಯೊಂದನ್ನು ಚಳಿಗಾಲದ ಮಟ್ಟಿಗೆ ಎರವಲು ಕೊಟ್ಟಿದ್ದರು. ಬೋಗಿ ಹಡಗಿನಲ್ಲಿ ಬಂದಿತ್ತು. ಸಿರಿವಂತ ಅತಿಥಿಗಳು ಅದರೊಳಗೆ ಕುಳಿತು ಊಟ ಮಾಡುವುದು, ಹಳೆಯ ಕಾಲದ ಅಟೆಂಡೆಂಟ್ ಒಬ್ಬ ಅವರನ್ನು ಉಪಚರಿಸುವುದು, ಇದು ಯೋಜನೆ. ಆ ಅಟೆಂಡೆಂಟ್ ಯಾರೆಂಬುದು ಅಂದೇ, ಆ ಶುಕ್ರವಾರ, ತೀರ್ಮಾನವಾಗಬೇಕಿತ್ತು. ಹೋಟೆಲಿನ ಕೆಲಸಗಾರರನ್ನೇ ಅತಿಥಿಗಳಾಗಿ ಕೂರಿಸಿ ಒಂದು ತಾಲೀಮು; ಬೋಗಿಯ ಕಥೆ ಬಲ್ಲವಳೆಂದು ನನಗೂ ಕರೆ ಬಂದಿತ್ತು. ವಲೇರಿಯನ್ ಗೆದ್ದರೆ ಹುದ್ದೆ ಅವರದು. ಇಲ್ಲವಾದರೆ ಯುರೋಪಿನಿಂದ ಒಬ್ಬರು ಬರುತ್ತಾರೆ.

ಹುದ್ದೆ ಎಂದರೆ ಬರೀ ಹೊಸ ಕೋಟಲ್ಲ. ಈ ದೇಶದಲ್ಲಿ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಒಂದು ಮಟ್ಟದ ಸಂಬಳ ಬೇಕು. ವಲೇರಿಯನ್ ಆ ಮಟ್ಟಕ್ಕಿಂತ ಒಂದು ಮೆಟ್ಟಿಲು ಕೆಳಗಿದ್ದರು. ಹೆಂಡತಿ ಐರಿನ್ ಮೂಡುಬೆಳ್ಳೆಯಲ್ಲಿ ಮಗಳ ಜೊತೆಗಿದ್ದರು. ಮದುವೆಯಾದ ಮೇಲೆ ಗಂಡಹೆಂಡತಿ ಒಟ್ಟಿಗಿದ್ದದ್ದು ರಜೆಗಳಲ್ಲಿ ಮಾತ್ರ.

"ನನ್ನ ತಮ್ಮನಿಗೆ ಸ್ವಲ್ಪ ಧೈರ್ಯ ಹೇಳಿ ಅಕ್ಕ," ಎಂದು ಲವೀನಾ ಕಾರಿನ ಕಿಟಕಿಯಲ್ಲಿ ಬಗ್ಗಿ ಹೇಳಿದರು. "ಅವ ಹೆದರಿದ್ರೆ ಜೋಕ್ ಮಾಡ್ತಾನೆ. ಬೆಳಿಗ್ಗೆಯಿಂದ ಬರೀ ಜೋಕೇ."

ಹೆದ್ದಾರಿ

ದುಬೈಯಿಂದ ಅಬುಧಾಬಿಗೆ ಹೋಗುವ ರಸ್ತೆಯಲ್ಲಿ ನೋಡಲು ಹೆಚ್ಚೇನಿಲ್ಲ. ಇರುವುದು ಅಗಲ ಮತ್ತು ನೇರ. ನಮ್ಮಲ್ಲಿ ರಸ್ತೆಯ ಅಂಚಿನಲ್ಲಿ ಒಂದು ಊರು ಮುಗಿಯುವ ಮೊದಲೇ ಇನ್ನೊಂದರ ಚಹಾದಂಗಡಿ ಶುರುವಾಗುತ್ತದೆ. ಇಲ್ಲಿ ಮರಳು, ಗೋಡೆ, ಮತ್ತೆ ಮರಳು. ದುಬೈಯೊಳಗಿನ ಮೆಟ್ರೊ, ಟ್ರಾಮ್‌ನಂಥವು ಬಿಟ್ಟರೆ ಜನ ಕೂರುವ ರೈಲು ಇಡೀ ದೇಶದಲ್ಲಿಲ್ಲ. ಸುಮಂಗಲಾಳ ಗಂಡ ರುವೈಸ್‌ನ ರಿಫೈನರಿಯಲ್ಲಿ ಎಂಜಿನಿಯರ್. ಅಲ್ಲಿಗೆ ಗಂಧಕ ಹೊತ್ತು ಬರುವ ಗೂಡ್ಸ್ ಗಾಡಿಯನ್ನು ಅವನು ಎಷ್ಟೋ ಸಲ ನೋಡಿದ್ದಾನೆ. ಅದಕ್ಕೆ ಕೈ ಬೀಸುವವರು ಯಾರೂ ಇಲ್ಲವಂತೆ. ಅಂಥ ನಾಡಿಗೆ ಹಳಿ, ಎಂಜಿನ್ ಎರಡನ್ನೂ ಬಿಟ್ಟು ಒಂದು ಸ್ಲೀಪರ್ ಬೋಗಿ ಮಾತ್ರ ಬಂದಿತ್ತು.

"ಈಗ ಹೇಳಿ ಅಕ್ಕ, ಯಾರದ್ದು ಆ ಕಂಪನಿ? ಮ್ಯಾನೇಜರ್ ಸಾಹೇಬ್ರು ಕೇಳಿದ್ರೆ ನಾನು ಬಾಯಿ ಬಾಯಿ ಬಿಡ್ಬಾರ್ದು ನೋಡಿ," ಎಂದರು ವಲೇರಿಯನ್.

ಹೇಳಿದೆ. ಬೆಲ್ಜಿಯಂನ ಒಬ್ಬ ಬ್ಯಾಂಕರನ ಮಗ, ವಯಸ್ಸಿನಲ್ಲಿ ತನಗಿಂತ ದೊಡ್ಡವಳಾದ ನೆಂಟರ ಹುಡುಗಿಯ ಮೇಲೆ ಮನಸ್ಸಿಟ್ಟ. ಅವಳು ಒಪ್ಪಲಿಲ್ಲ. ಮರೆತು ಬರಲಿ ಎಂದು ಮನೆಯವರು ಅಮೆರಿಕಕ್ಕೆ ಕಳಿಸಿದರು.

"ನಮ್ಮಲ್ಲಿ ಗಲ್ಫಿಗೆ ಕಳಿಸ್ತಾರೆ," ಎಂದರು ವಲೇರಿಯನ್.

ಅಮೆರಿಕದಲ್ಲಿ ಅವನು ರಾತ್ರಿ ಮಲಗುವ ರೈಲುಗಳನ್ನು ಕಂಡ. ಅಲ್ಲಿ ಉದ್ದ ಹಜಾರದಲ್ಲಿ ಸಾಲಾಗಿ ಹಾಸಿಗೆ, ನಡುವೆ ಪರದೆ ಮಾತ್ರ. ಅವನಿಗೆ ಅದು ಹಿಡಿಸಲಿಲ್ಲ. ಊರಿಗೆ ಮರಳಿ ಬಾಗಿಲು ಹಾಕಿಕೊಳ್ಳಬಹುದಾದ ಪುಟ್ಟ ಕೋಣೆಗಳ ಬೋಗಿ ಮಾಡಿಸಿದ. ಬೆಲ್ಜಿಯಂನ ರಾಜ ಬೆನ್ನಿಗೆ ನಿಂತ. ಮುಂದೆ ಪ್ಯಾರಿಸ್‌ನಿಂದ ಇಸ್ತಾಂಬುಲ್‌ವರೆಗೆ, ಈಜಿಪ್ಟಿನ ನೈಲ್ ದಂಡೆಯವರೆಗೆ ಆ ಬೋಗಿಗಳು ಓಡಿದವು. ಮೊದಲ ಮಹಾಯುದ್ಧ ನಿಲ್ಲಿಸುವ ಒಪ್ಪಂದಕ್ಕೆ ಸಹಿ ಬಿದ್ದದ್ದು ಅವರದೇ ಊಟದ ಬೋಗಿಯಲ್ಲಿ. ಎರಡನೆಯ ಯುದ್ಧದ ಶುರುವಿನಲ್ಲಿ ಗೆದ್ದ ಜರ್ಮನಿ ಸೋತ ಫ್ರಾನ್ಸನ್ನು ಅದೇ ಬೋಗಿಗೆ ಕರೆತಂದು ಸಹಿ ಹಾಕಿಸಿತು. ಆಮೇಲೆ ವಿಮಾನಗಳ ಕಾಲ ಬಂತು. ಬೋಗಿಗಳು ಹರಾಜಾದವು.

"ಒಂದು ವಿಶೇಷ," ಎಂದೆ. "ಆ ಕಂಪನಿಗೆ ಸ್ವಂತ ಹಳಿ ಇರಲಿಲ್ಲ. ಎಂಜಿನ್ ಇರಲಿಲ್ಲ. ಬೇರೆ ಬೇರೆ ದೇಶಗಳ ರೈಲುಗಳಿಗೆ ತಮ್ಮ ಬೋಗಿ ಸಿಕ್ಕಿಸುತ್ತಿದ್ದರು. ಬೋಗಿಯೊಳಗಿನ ಹಾಸಿಗೆ, ಊಟ, ಮರ್ಯಾದೆ ಅಷ್ಟೇ ಅವರದ್ದು."

ವಲೇರಿಯನ್ ಸ್ಟೇರಿಂಗಿನ ಮೇಲೆ ತಟ್ಟಿ ನಕ್ಕರು. "ಅಯ್ಯೋ ಮಾರಾಯ್ರೆ, ಅದು ನಾವೇ! ನೆಲ ನಮ್ದಲ್ಲ, ರೋಡು ನಮ್ದಲ್ಲ. ಸರ್ವಿಸ್ ಮಾತ್ರ ನಮ್ದು."

ಆಮೇಲೆ ಕಾರಿನ ವೇಗ ತಗ್ಗಿಸಿ ಪಕ್ಕದ ಸಾಲಿಗೆ ಸರಿದರು.

"ಒಂದು ಕೇಳ್ಲಾ ಅಕ್ಕ? ಬೋಗಿ ಹತ್ತುವಾಗ ಅಟೆಂಡೆಂಟ್ ಎಲ್ಲರ ಪಾಸ್‌ಪೋರ್ಟ್ ತೆಗೆದುಕೊಳ್ಬೇಕು ಅಂತ ಸಾಹೇಬ್ರು ಹೇಳಿದ್ದಾರೆ. ಅದು ನಿಜವಾಗಿ ಇತ್ತಾ, ಅವ್ರು ಕಟ್ಟಿದ್ದಾ?"

ಇರಲಿಲ್ಲ ಎಂದಿದ್ದರೆ ಅವರಿಗೆ ಹಗುರವಾಗುತ್ತಿತ್ತು ಎಂಬುದು ಮುಖದಲ್ಲೇ ಕಾಣುತ್ತಿತ್ತು. ಆದರೆ ಇತ್ತು. ರಾತ್ರಿ ಗಡಿ ದಾಟುವಾಗ ಪ್ರಯಾಣಿಕರನ್ನು ಎಬ್ಬಿಸಬಾರದೆಂದು ಅಟೆಂಡೆಂಟ್ ಎಲ್ಲರ ಪಾಸ್‌ಪೋರ್ಟ್ ತನ್ನ ಬಳಿ ಇಟ್ಟುಕೊಳ್ಳುತ್ತಿದ್ದ. ಬೋಗಿಯ ಓಣಿಯ ಕೊನೆಯ ಮಡಚು ಕುರ್ಚಿಯಲ್ಲಿ ಕುಳಿತು ಗಡಿಯ ಅಧಿಕಾರಿಗಳಿಗೆ ತಾನೇ ತೋರಿಸುತ್ತಿದ್ದ. ಬೆಳಿಗ್ಗೆ ಯಾರೂ ಕೇಳದೆಯೇ ಹಿಂದಿರುಗಿಸುತ್ತಿದ್ದ.

"ಕೇಳದೇ ಕೊಡ್ತಿದ್ದನಾ?"

"ಹೌದು. ಅವರವರ ಸ್ಟೇಷನ್ ಬರುವ ಮೊದಲೇ ಬಾಗಿಲು ತಟ್ಟಿ ಎಬ್ಬಿಸಿ, ಚಹಾ ಕಾಫಿ ಕೊಟ್ಟು, ಪಾಸ್‌ಪೋರ್ಟೂ ಕೊಡುತ್ತಿದ್ದ. ಯಾರು ಎಲ್ಲಿ ಇಳಿಯುತ್ತಾರೆ ಎಂಬುದು ಅವನಿಗೆ ಬಾಯಿಪಾಠ."

ಅವರು ತಲೆಯಾಡಿಸಿದರು. ಗಲ್ಫಿಗೆ ಬಂದ ಹೊಸದರಲ್ಲಿ ಒಂದು ಕಂಟ್ರಾಕ್ಟ್ ಕಂಪನಿಯಲ್ಲಿ ಕೆಲಸಕ್ಕಿದ್ದರಂತೆ. ಎಲ್ಲರ ಪಾಸ್‌ಪೋರ್ಟ್ ಆಫೀಸಿನ ಕಪಾಟಿನಲ್ಲಿ. ಹಾಗೆ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ, ಆದರೂ ಇಡುತ್ತಿದ್ದರು. ಊರಿನಲ್ಲಿ ತಂದೆ ತೀರಿಕೊಂಡ ದಿನ ಶುಕ್ರವಾರ. ಆಫೀಸಿಗೆ ವಾರದ ರಜೆ. ಕಪಾಟಿನ ಕೀ ಇದ್ದವನ ಫೋನ್ ಬಂದ್.

"ಮಣ್ಣು ಮಾಡ್ಲಿಕ್ಕೆ ಸಿಗ್ಲಿಲ್ಲ," ಎಂದರು. "ಈಗಿನ ಹೋಟೆಲ್‌ನಲ್ಲಿ ಹಾಗಿಲ್ಲ. ನನ್ನ ಪಾಸ್‌ಪೋರ್ಟ್ ನನ್ನ ಹತ್ರ ಉಂಟು. ಆದ್ರೆ ಇನ್ನೊಬ್ರ ಹತ್ರ ಕೈ ಚಾಚಿ ಪಾಸ್‌ಪೋರ್ಟ್ ಕೊಡಿ ಅಂತ ಹೇಳ್ಲಿಕ್ಕೆ ನನ್ನ ಕೈ ಏಳುದಿಲ್ಲ ಅಕ್ಕ. ನಾಟಕ ಆದ್ರೂ."

"ಮ್ಯಾನೇಜರಿಗೆ ಹೇಳಿದ್ದೀರಾ?"

"ಹೇಳಿದ್ರೆ ಆಯ್ತಲ್ಲ, ಖಲಾಸ್. ಪಾರ್ಟ್ ಬೇರೆಯವ್ನಿಗೆ. ಐರಿನ್ ಮನೆಗೆ ಪರದೆ ಯಾವ ಬಣ್ಣ ಅಂತ ಕೇಳ್ಲಿಕ್ಕೆ ಶುರು ಮಾಡಿದ್ದಾಳೆ."

ಸಲಹೆ ಕೊಡುವುದು ನನ್ನ ವೃತ್ತಿಯಲ್ಲ. ನೀರಿನ ಬಾಟಲಿ ತೆರೆದು ಅವರಿಗೆ ಕೊಟ್ಟೆ.

ಹೋಟೆಲಿನ ಹಿತ್ತಲು

ಕಾರಿನ ಎ.ಸಿ.ಯಿಂದ ಇಳಿದೊಡನೆ ಸಮುದ್ರದ ಕಡೆಯ ಹಬೆ ಕನ್ನಡಕಕ್ಕೆ ಕವಿಯಿತು. ಹೀಗಾಗಿ ನಾನು ಎಷ್ಟೋ ವರ್ಷ ಚಿತ್ರದಲ್ಲಿ ಮಾತ್ರ ನೋಡಿದ್ದ ಬೋಗಿಯನ್ನು ಮೊದಲು ಕಂಡದ್ದು ಒಂದು ನೀಲಿ ಮಸುಕಾಗಿ. ಸೆರಗಿನಿಂದ ಗಾಜು ಒರೆಸಿದೆ. ತಂಪು ಮಾಡಿದ ದೊಡ್ಡ ಡೇರೆಯ ಕೆಳಗೆ, ಕಾಲಡಿಗೆ ತನ್ನುದ್ದದಷ್ಟೇ ಹಳಿಯನ್ನು ಸುಮ್ಮನೆ ಶೋಭೆಗೆ ಹಾಸಿಕೊಂಡು, ಬೋಗಿ ನಿಂತಿತ್ತು. ಕಡುನೀಲಿ ಮೈ, ಹಿತ್ತಾಳೆಯ ಅಕ್ಷರ, ನಡುವೆ ಸಿಂಹಗಳ ಲಾಂಛನ. ಒಳಗಿನ ಹಲಗೆಗಳಲ್ಲಿ ಬೇರೆ ಬಣ್ಣದ ಮರ ಕೂರಿಸಿ ಹೂಬಳ್ಳಿ ಮಾಡಿದ್ದರು. ಅಪ್ಪ ಮಾಡುತ್ತಿದ್ದಂತೆ ಬೆರಳಗೆಣ್ಣಿನಿಂದ ತಟ್ಟಿ ನೋಡಿದೆ. ಗಟ್ಟಿ ದನಿ. ಹುಬ್ಬಳ್ಳಿ ವರ್ಕ್‌ಶಾಪಿನವರು ಇದಕ್ಕೆ ಬಗ್ಗುವವರಲ್ಲ ಎಂದು ಮನಸ್ಸು ಪಕ್ಷ ವಹಿಸಿತು.

ಮ್ಯಾನೇಜರ್ ಮಾರ್ಸೆಲ್ ಸ್ವಿಸ್ ಮನುಷ್ಯ. ಸಣಕಲು, ಮಿತಮಾತು. ಇತಿಹಾಸದ ಬಗ್ಗೆ ಅವರಿಗೆ ನಿಜವಾದ ಪ್ರೀತಿ ಇತ್ತು. ಲೋಟದ ಮೇಲಿನ ಕೆತ್ತನೆಯಿಂದ ದೀಪದ ಬಣ್ಣದವರೆಗೆ ಎಲ್ಲವೂ ಹಳೆಯ ರೀತಿಯಲ್ಲೇ ಇರಬೇಕು. ತಾಲೀಮಿನ ಅತಿಥಿಗಳಿಗೆ ಕಳಿಸಿದ ಆಮಂತ್ರಣದಲ್ಲಿ 'ಪ್ರಯಾಣಿಕರು ಪಾಸ್‌ಪೋರ್ಟ್ ತರತಕ್ಕದ್ದು' ಎಂದು ಮುದ್ರಿಸಿದ್ದರು. ಅದು ತಮಾಷೆ ಎಂದೇ ಅವರ ಎಣಿಕೆ.

ಜುಮ್ಮಾ ನಮಾಜ್ ಮುಗಿದ ಮೇಲೆ ಜನ ಬರತೊಡಗಿದರು. ಫಿಲಿಪ್ಪೀನ್ಸಿನ ರಿಸೆಪ್ಷನ್ ಹುಡುಗಿಯರು ಪಾಸ್‌ಪೋರ್ಟನ್ನು ಬೀಸಣಿಗೆ ಮಾಡಿಕೊಂಡು ಸೆಲ್ಫಿ ತೆಗೆದರು. ಅಡುಗೆಮನೆಯ ಮಲಯಾಳಿಗಳು ಒಬ್ಬರ ಫೋಟೊ ಇನ್ನೊಬ್ಬರು ನೋಡಿ ನಕ್ಕರು. ವಲೇರಿಯನ್ ಕಂದು ಬಣ್ಣದ ಕೋಟು, ಟೋಪಿ ಧರಿಸಿ ಬೋಗಿಯ ಬಾಗಿಲಲ್ಲಿ ನಿಂತಿದ್ದರು. ಮುಂದೆ ಪಾಸ್‌ಪೋರ್ಟ್ ಸಂಗ್ರಹಿಸಲು ಬೆಳ್ಳಿಯ ತಟ್ಟೆ.

ಡೇರೆಯ ಅಂಚಿನಲ್ಲಿ ಕೆಲವರು ಒಳಗೆ ಬಾರದೆ ನಿಂತಿದ್ದನ್ನು ನಾನು ಗಮನಿಸಿದೆ. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಹೊರಗಿನ ಕಂಟ್ರಾಕ್ಟರೊಬ್ಬರ ಲಾಂಡ್ರಿ ಕೆಲಸಗಾರರು. ಬೋಗಿಯ ಹಾಸಿಗೆಬಟ್ಟೆ, ಮೇಜುಬಟ್ಟೆಗೆಲ್ಲ ಗಂಜಿ ಹಾಕಿ ಮಡಿ ಮಾಡಿದವರು ಇವರೇ, ಅದಕ್ಕೇ ಆಮಂತ್ರಣ. ಎಲ್ಲರ ಕೈಯಲ್ಲೂ ಮಡಚಿದ ಜೆರಾಕ್ಸ್ ಹಾಳೆ. ಅವರೊಳಗೆ ಹಿರಿಯರೊಬ್ಬರು ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದರು. ಹತ್ತಿರ ಹೋದೆ. ಹೆಸರು ಇಸ್ಮಾಯಿಲ್, ಬೀದರ್ ಜಿಲ್ಲೆಯ ಹುಮನಾಬಾದ್.

"ಒಳಗ್ಯಾಕ ಹೋಗಿಲ್ರಿ?"

"ಪಾಸ್‌ಪೋಟ್ ಬೇಕಂತ ಬರದಾರಲ್ರಿ ಅಕ್ಕೋರೆ. ನಮ್ದು ಕಂಪನಿ ಆಫೀಸ್‌ದಾಗ ಅದ. ಜೆರಾಕ್ಸ್ ಅದ, ನಡೀತದೇನ್ ಕೇಳ್ರಿ. ನಡೀಲಿಲ್ಲಂದ್ರ ಹೋಗ್ತೇವ್ರಿ, ಏನ್ ಜಗಳಿಲ್ಲ."

ತಾವೇ ಹಾಸಿಗೆಬಟ್ಟೆ ಮಡಚಿಟ್ಟ ಬೋಗಿಯ ಬಾಗಿಲಲ್ಲಿ, ಹೊರಡದ ರೈಲಿನ ಮುಂದೆ, ಅವರಿಗೊಂದು ಗಡಿ ಎದ್ದು ನಿಂತಿತ್ತು. ತಮಾಷೆ ಎಂದು ಅವರಿಗೆ ಹೇಗೆ ತಿಳಿಯಬೇಕು? ಈ ಕಾಗದದ ವಿಷಯದಲ್ಲಿ ಅವರ ಜೊತೆ ಯಾರೂ ತಮಾಷೆ ಮಾಡಿದವರಲ್ಲ.

ವಲೇರಿಯನ್ ಬಾಗಿಲಿನಿಂದಲೇ ಇದನ್ನು ನೋಡುತ್ತಿದ್ದರು. ಮಾರ್ಸೆಲ್ ಕೂಡ ನೋಡಿ, "ಜೆರಾಕ್ಸ್ ಇದ್ದರೂ ಪರವಾಗಿಲ್ಲ, ತೆಗೆದುಕೊಳ್ಳಿ," ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅವರ ಮಟ್ಟಿಗೆ ಅದು ಔದಾರ್ಯವೇ.

ವಲೇರಿಯನ್ ಬೆಳ್ಳಿಯ ತಟ್ಟೆಯನ್ನು ಎತ್ತಿ ಮೆಟ್ಟಿಲ ಹಿಂದೆ ಇಟ್ಟರು. ಕೆಳಗಿಳಿದು ಬಂದು ಇಸ್ಮಾಯಿಲ್ ಭಾಯ್ ಎದುರು ನಿಂತು ಟೋಪಿಗೆ ಕೈ ಹಚ್ಚಿದರು.

"ಪಾಸ್‌ಪೋರ್ಟ್ ಬೇಡ ಭಾಯ್. ಜೆರಾಕ್ಸ್ ಜೇಬಲ್ಲಿಡಿ. ನೀವು ಎಲ್ಲಿ ಇಳಿಯೋದು, ಅದು ಹೇಳಿ ಸಾಕು."

"ಅಂದ್ರ?"

"ಸ್ಟೇಷನ್. ನಿಮ್ಮ ಸ್ಟೇಷನ್ ಯಾವುದು?"

ಇಸ್ಮಾಯಿಲ್ ಭಾಯ್ ನನ್ನ ಕಡೆ ನೋಡಿದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, "ಹುಮನಾಬಾದ್‌ರಿ," ಎಂದರು.

"ಹುಮನಾಬಾದ್. ಆಯ್ತು. ಹತ್ತಿ. ಸ್ಟೇಷನ್ ಬರುವಾಗ ನಾನು ಎಬ್ಬಿಸ್ತೇನೆ."

ಉಳಿದವರಿಗೂ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಅದೇ ಪ್ರಶ್ನೆ. ಉತ್ತರಗಳು ಬಂದವು: ಪೆಶಾವರ, ಸಿಲ್ಹೆಟ್, ತಿರೂರ್, ಫಿಲಿಪ್ಪೀನ್ಸಿನ ಸೆಬು. ಮೊದಲೇ ಪಾಸ್‌ಪೋರ್ಟ್ ಹಿಡಿದು ನಿಂತಿದ್ದ ಹುಡುಗಿಯರು ಅದನ್ನು ಚೀಲಕ್ಕೆ ಹಾಕಿ, ಅವರೂ ಊರು ಹೇಳಿ ಹತ್ತಿದರು.

"ವಲೇರಿಯನ್, ಇದು ಕಾರ್ಯಕ್ರಮದಲ್ಲಿಲ್ಲ," ಎಂದರು ಮಾರ್ಸೆಲ್, ದನಿ ಏರಿಸದೆ.

"ಸರ್, ಅಟೆಂಡೆಂಟಿಗೆ ಎರಡು ಕೆಲಸ. ಒಂದು, ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು. ಇನ್ನೊಂದು, ಎಬ್ಬಿಸುವುದು. ಎರಡನೆಯದ್ದು ನಾನು ಚೆನ್ನಾಗಿ ಮಾಡ್ತೇನೆ. ಮೊದಲನೆಯದ್ದು ನನ್ನಿಂದ ಆಗುವುದಿಲ್ಲ."

ಮಾರ್ಸೆಲ್ ಕೈಗಡಿಯಾರ ನೋಡಿಕೊಂಡರು. ಫೋನ್ ಕಿವಿಗಿಟ್ಟು ಡೇರೆಯಿಂದ ಹೊರಗೆ ಹೋದರು.

"ಹೋಯ್ತು ಅಕ್ಕ," ಎಂದರು ವಲೇರಿಯನ್. ಆ ಮಾತಿನಲ್ಲಿ ಜೋಕ್ ಇರಲಿಲ್ಲ. "ಬನ್ನಿ. ಹತ್ತಿಸಿದವ್ರಿಗೆ ಊಟ ಕೊಡ್ಬೇಕಲ್ಲ."

ಬೋಗಿಯ ಒಳಗೆ

ಹೊರಗೆ ನಡುಮಧ್ಯಾಹ್ನ, ಒಳಗೆ ಪರದೆ ಎಳೆದು ರಾತ್ರಿ ಮಾಡಿದ್ದರು. ನನಗೆ ಸಿಕ್ಕಿದ್ದು ಇಸ್ಮಾಯಿಲ್ ಭಾಯ್ ಕೂತ ಕೋಣೆಯೇ. ಎದುರುಬದುರು ಕೂತರೆ ಮೊಣಕಾಲಿಗೆ ಮೊಣಕಾಲು ತಾಗುವ ಜಾಗ. ನಡುವೆ ಮಡಚುವ ಮೇಜು. ಮೊದಲು ಅವರು ಕುಳಿತದ್ದು ಸೀಟಿನ ಅಂಚಿನಲ್ಲಿ, ಯಾರಾದರೂ ಎಬ್ಬಿಸಿಯಾರೆಂಬಂತೆ. ಸೂಪ್ ಬಂತು. ಚಮಚಗಳ ಸಾಲು ನೋಡಿ ಅವರು, "ಇಷ್ಟ್ಯಾಕ್ರಿ, ಬಾಯಿ ಒಂದೇ ಅದಲ್ಲ?" ಎಂದರು. ಮೇಜುಬಟ್ಟೆಯ ಅಂಚನ್ನು ಮಾತ್ರ ಎರಡು ಬೆರಳಲ್ಲಿ ಹಿಡಿದು ನೋಡಿ, "ಇದು ನಮ್ ಕೈದೇ," ಎಂದು ಮೆಲ್ಲಗೆ ನಕ್ಕರು.

ಬಾಗಿಲ ಸಂದಿಯಿಂದ ನಾನು ವಲೇರಿಯನ್‌ರನ್ನು ನೋಡುತ್ತಿದ್ದೆ. ಕಿರಿದಾದ ಓಣಿಯಲ್ಲಿ ತಟ್ಟೆಗಳನ್ನು ಎದೆಯ ಮಟ್ಟಕ್ಕೆ ಹಿಡಿದು, ಎದುರು ಬಂದವರಿಗೆ ಅರೆ ತಿರುಗಿ ದಾರಿ ಬಿಡುತ್ತ ಓಡಾಡುತ್ತಿದ್ದರು. ಹುದ್ದೆ ಕೈಬಿಟ್ಟಿತೆಂದು ಅವರು ನಂಬಿದ್ದರು. ನಾನೂ ನಂಬಿದ್ದೆ. ಕೆಲಸದಲ್ಲಿ ಅದರ ಸುಳಿವಿರಲಿಲ್ಲ. ಜೂನಿಯರ್‌ಗಳು ಬರೆದ ಸುದ್ದಿಯಿಂದ 'ಹೆಮ್ಮೆ' ಎಂಬ ಪದವನ್ನು ಹೊಡೆದುಹಾಕುವುದು ನನ್ನ ಕೆಲಸವಾಗಿತ್ತು. ಸುದ್ದಿಗೆ ಅದು ಬೇಕಿಲ್ಲ ಎನ್ನುತ್ತಿದ್ದೆ. ಆ ಓಣಿಯಲ್ಲಿ ನಡೆಯುತ್ತಿದ್ದವರನ್ನು ಕಂಡು ನನಗಾದದ್ದಕ್ಕೆ ಬೇರೆ ಪದ ನನ್ನ ಬಳಿ ಇರಲಿಲ್ಲ.

ಊಟ ಮುಗಿಯುತ್ತ ಬಂದಾಗ ವಲೇರಿಯನ್ ಒಂದೊಂದೇ ಬಾಗಿಲು ತಟ್ಟತೊಡಗಿದರು. "ಸೆಬು, ಮ್ಯಾಡಂ. ಸೆಬು ಬರುತ್ತಿದೆ." ಒಳಗಿಂದ ಕಿಲಕಿಲ ನಗು, ಆಮೇಲೆ ಯಾಕೋ ನಗು ನಿಂತು ಚೀಲ ಎತ್ತಿಕೊಳ್ಳುವ ಸದ್ದು. "ತಿರೂರ್." "ಪೆಶಾವರ್, ಖಾನ್ ಸಾಬ್." ಬರೆದಿಟ್ಟುಕೊಂಡದ್ದೇನೂ ಇಲ್ಲ. ಹೆಸರು ತಪ್ಪಲಿಲ್ಲ.

ನಮ್ಮ ಬಾಗಿಲೂ ತಟ್ಟಿದರು. ಕೈಯಲ್ಲಿ ಚಹಾ.

"ಇಸ್ಮಾಯಿಲ್ ಭಾಯ್, ಹುಮನಾಬಾದ್ ಬರ್ತಾ ಉಂಟು. ಮುಖ ತೊಳೆದುಕೊಳ್ಳಿ."

"ಈ ಟೈಮಿಗಿ ಹುಮನಾಬಾದ್‌ಗಿ ಗಾಡಿ ಇಲ್ರಿಪಾ!"

"ಇವತ್ತು ಉಂಟು."

ಇಸ್ಮಾಯಿಲ್ ಭಾಯ್ ನಕ್ಕರು. ನಂತರ ಚಹಾ ಕುಡಿದು, ಎದ್ದು, ಅಂಗಿಯನ್ನು ಒಳಗೆ ಸಿಕ್ಕಿಸಿಕೊಂಡರು. ಮೂಲೆಯ ಪುಟ್ಟ ಬೇಸಿನ್‌ನಲ್ಲಿ ಬೆರಳು ತೋಯಿಸಿ, ಕನ್ನಡಿ ನೋಡಿ ತಲೆ ಬಾಚಿಕೊಂಡರು. ಊರು ಹತ್ತಿರವಾದಾಗ ನಮ್ಮ ರೈಲುಗಳಲ್ಲಿ ಎಲ್ಲರೂ ಮಾಡುವ ಹಾಗೆ. ಕಿಟಕಿಯ ಪರದೆ ಸ್ವಲ್ಪ ಸರಿಸಿ ಹೊರಗೆ ನೋಡಿದರು. ಹೊರಗೆ ಡೇರೆಯ ಬಟ್ಟೆ. ಅದನ್ನೇ ಅವರು ಸಾಕಷ್ಟು ಹೊತ್ತು ನೋಡಿದರು.

"ಚಲೋ ಗಾಡಿರಿ," ಎಂದರು ನನಗೆ. "ನಿಮ್ ಟೇಶನ್ ಇನ್ನಾ ದೂರ ಅದಲ್ಲ? ಕೂಡ್ರಿ ನೀವು." ಇಳಿದರು.

ಖಾಲಿ ಬೋಗಿ

ಎಲ್ಲರೂ ಇಳಿದ ಮೇಲೆ ಮಾರ್ಸೆಲ್ ಮೆಟ್ಟಿಲು ಹತ್ತಿ ಬಂದರು. ಅವರು ಯಾವಾಗ ಡೇರೆಗೆ ಮರಳಿ, ಎಷ್ಟು ಹೊತ್ತು ಹೊರಗೆ ನಿಂತು ಕೇಳಿಸಿಕೊಂಡಿದ್ದರೋ ತಿಳಿಯದು. ಓಣಿಯ ಕೊನೆಯ ಮಡಚು ಕುರ್ಚಿಯ ಪಕ್ಕ ವಲೇರಿಯನ್ ಕೈಕಟ್ಟಿ ನಿಂತಿದ್ದರು. ಕೂತಿರಲಿಲ್ಲ.

"ನಾನು ಸಂಗ್ರಾಹಕರ ಜೊತೆ ಮಾತಾಡಿದೆ," ಎಂದರು ಮಾರ್ಸೆಲ್. "ಹಳೆಯ ಪದ್ಧತಿಯಲ್ಲಿ ಒಂದನ್ನು ಬಿಟ್ಟಿದ್ದಕ್ಕೆ ಅವರು ಒಪ್ಪಲಿಲ್ಲ. ಬೋಗಿ ಅವರದು, ಅವರು ಹೇಳುವುದು ಸರಿ. ಆದರೆ ಈಗ ಇಳಿದು ಹೋದವರ ಮುಖವನ್ನು ಅವರು ನೋಡಿಲ್ಲ. ನಾನು ನೋಡಿದೆ. ಹಾಗೆಂದು ಮತ್ತೆ ಫೋನ್ ಮಾಡಿ ಹೇಳಿದೆ, ಕೊನೆಗೆ ಒಪ್ಪಿದರು." ಜೇಬಿನಿಂದ ಆಮಂತ್ರಣದ ಕಾರ್ಡು ತೆಗೆದರು. "ಕಾರ್ಡಿನಿಂದ ಪಾಸ್‌ಪೋರ್ಟಿನ ಸಾಲು ತೆಗೆಯೋಣ. ಸ್ಟೇಷನ್ ಇರಲಿ. ಈ ಕೋಟು ನಿಮಗೆ ಭುಜದಲ್ಲಿ ಬಿಗಿಯಾಗುತ್ತಿದೆ. ನಾಳೆ ಟೈಲರಿಗೆ ನಿಮ್ಮ ಅಳತೆ ಕೊಡಿ."

ವಲೇರಿಯನ್ "ಯೆಸ್ ಸರ್" ಎಂದರು. ಮಾರ್ಸೆಲ್ ಮೆಟ್ಟಿಲಿಳಿದು ಹೋಗುವುದನ್ನು ನೋಡಿದರು. ಆಮೇಲೆ ಮಡಚು ಕುರ್ಚಿ ಬಿಡಿಸಿ ಕೂತು ಮೂಡುಬೆಳ್ಳೆಗೆ ಫೋನ್ ಹಚ್ಚಿದರು. ಮಾತೆಲ್ಲ ಕೊಂಕಣಿ. ನಾನು ಕೋಣೆಯೊಳಗೆ ಸರಿದು ಕಿಟಕಿಯ ಕಡೆ ಮುಖ ಮಾಡಿದೆ. ಅಂದುಕೊಂಡದ್ದಕ್ಕಿಂತ ಬೇಗ ಮಾತು ಮುಗಿಯಿತು.

"ಐರಿನ್ ಏನೆಂದರು?"

"ಅಳ್ತಾಳೆ ಅಂತ ಮಾಡಿದ್ದೆ ಅಕ್ಕ," ಎಂದರು ವಲೇರಿಯನ್. "ಅಳ್ಲೇ ಇಲ್ಲ. ವೀಸಾಕ್ಕೆ ಮದುವೆ ಸರ್ಟಿಫಿಕೇಟ್ ಅಟೆಸ್ಟ್ ಮಾಡ್ಲಿಕ್ಕೆ ನಾಳೆಯೇ ಹೋಗ್ತಾಳಂತೆ. ಆಮೇಲೆ ಕೇಳಿದ್ಳು, ಒಣ ಬಂಗುಡೆ ಮೀನು ಎಷ್ಟು ಕಿಲೋ ತರ್ಲಿಕ್ಕೆ ಬಿಡ್ತಾರೆ ಅಂತ."

"ನೀವೇನು ಹೇಳಿದಿರಿ?"

ಅವರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು, ತೋಳಿನಿಂದ ಕಣ್ಣು ಒರೆಸಿಕೊಂಡರು.

"ನಿನ್ನ ಬಟ್ಟೆ ಕಮ್ಮಿ ಮಾಡು, ಬಂಗುಡೆ ಜಾಸ್ತಿ ತಾ ಅಂದೆ."